ಹೊರಗಿನವರು ಕಟ್ಟಿಕೊಡುವ ಆಡಳಿತ: ಮಣಿಕೊಂಡದಿಂದ ಕಾಬೂಲಿನವರೆಗೆ

ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡದಲ್ಲಿ ಬಾಡಿಗೆ ಮನೆ ಹುಡುಕುವವರಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯ ಹುಡುಗ ಹುಡುಗಿಯರೂ ಇರುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ಪಕ್ಕದಲ್ಲೇ ಇವೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಊರು. ಅವರು ಓಡಾಡುವ ಈ ನೆಲದ ಬಗ್ಗೆ ಸುಪ್ರೀಂ ಕೋರ್ಟು 2022ರ ಫೆಬ್ರವರಿ 7ರಂದು ಒಂದು ತೀರ್ಪು ಕೊಟ್ಟಿತು. ಮಣಿಕೊಂಡ ಜಾಗೀರಿನ 1654 ಎಕರೆ 32 ಗುಂಟೆ ಜಮೀನು ಹಜರತ್ ಹುಸೇನ್ ಶಾ ವಲಿ ದರ್ಗಾಕ್ಕೆ ಸೇರಿದ ವಕ್ಫ್ ಆಸ್ತಿಯೋ, ಸರಕಾರದ ಆಸ್ತಿಯೋ ಎಂಬುದು ವ್ಯಾಜ್ಯ. ಸರಕಾರದ್ದು ಎಂದು ಕೋರ್ಟು ಹೇಳಿತು. ಇಡೀ ಜಮೀನನ್ನು ವಕ್ಫ್ ಎಂದು ಸೇರಿಸಿದ್ದ 2006ರ ತಿದ್ದುಪಡಿ ಅಧಿಸೂಚನೆ ಬಿದ್ದುಹೋಯಿತು.

ಈ ತೀರ್ಪು ನಿಂತಿರುವುದು ಒಂದು ಹಳೆಯ ಕಾಗದದ ಮೇಲೆ. ಅದು 1949ರ ಆಗಸ್ಟ್ 15ರ ಹೈದರಾಬಾದ್ ಜಾಗೀರು ರದ್ದತಿ ನಿಬಂಧನೆ. ಅದನ್ನು ಯಾವ ಶಾಸನಸಭೆಯೂ ಚರ್ಚಿಸಿರಲಿಲ್ಲ, ಏಕೆಂದರೆ ಆಗ ಚರ್ಚಿಸುವ ಶಾಸನಸಭೆಯೇ ಇರಲಿಲ್ಲ. ಜಾರಿ ಮಾಡಿದವರು ಮಿಲಿಟರಿ ಗವರ್ನರ್ ಮೇಜರ್ ಜನರಲ್ ಜೆ.ಎನ್. ಚೌಧರಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವನ್ನು ಹೈದರಾಬಾದ್ ಸಂಸ್ಥಾನದೊಳಕ್ಕೆ ನಡೆಸಿಕೊಂಡು ಬಂದವರು, ಐದು ದಿನಗಳಲ್ಲಿ ಶರಣಾಗತಿ ಪಡೆದವರು, ಆಮೇಲೆ ನಿಜಾಮನ ಫರ್ಮಾನಿನ ಬಲದಿಂದಲೇ ಆ ಸಂಸ್ಥಾನವನ್ನು ಆಳಿದವರು ಅವರು. ಅವರಿಗೆ ಯಾರೂ ಓಟು ಹಾಕಿರಲಿಲ್ಲ. ಎಪ್ಪತ್ತೆರಡು ವರ್ಷಗಳಾದ ಮೇಲೂ ಗಾಜಿನ ಕಟ್ಟಡಗಳ ಕೆಳಗಿನ ನೆಲ ಯಾರದೆಂದು ನಿರ್ಧರಿಸುವುದು ಅವರು ಹೊರಡಿಸಿದ ಆ ಕಾಗದವೇ.

ಯುದ್ಧ ಮುಗಿದ ದೇಶದಲ್ಲಿ ಆಡಳಿತವನ್ನು 'ಮರುಕಟ್ಟುವ' ಬಗ್ಗೆ ವಿಶ್ವಸಂಸ್ಥೆಯ ದಾಖಲೆಗಳಲ್ಲಿ, ದಾನಿ ದೇಶಗಳ ಸಮ್ಮೇಳನಗಳಲ್ಲಿ, ದೆಹಲಿಯ ವಿಚಾರ ಸಂಕಿರಣಗಳಲ್ಲಿ ಮಾತನಾಡುವವರು ಈ ಕಾಗದವನ್ನೊಮ್ಮೆ ಓದಬೇಕು. ಅವರ ನಂಬಿಕೆ ಸರಳ. ಆಡಳಿತವೆಂದರೆ ಒಂದು ಯಂತ್ರ, ಯುದ್ಧದಲ್ಲಿ ಕೆಟ್ಟಿದೆ, ಹೊರಗಿನಿಂದ ಮೆಕ್ಯಾನಿಕ್ಕುಗಳನ್ನೂ ಬಿಡಿಭಾಗಗಳನ್ನೂ ತಂದು ರಿಪೇರಿ ಮಾಡಿದರೆ ಓಡುತ್ತದೆ. ಮಾಡುವವರು ಯಾರು, ಅವರು ಯಾರಿಗೆ ಉತ್ತರ ಕೊಡಬೇಕು, ರಿಪೇರಿ ಮಾಡಿ ಎಂದು ಕೇಳಿದವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಕಡಿಮೆ.

ಹೈದರಾಬಾದಿನದು ಅಂತಾರಾಷ್ಟ್ರೀಯ ವಿಷಯವೇ ಅಲ್ಲ, ಭಾರತದ ಒಳಗಿನ ಮಾತು ಎಂದು ಕೆಲವರು ತಕರಾರು ತೆಗೆಯಬಹುದು. ಕಾನೂನಿನ ವಾದ ಬೇರೆ. ಆದರೆ 1948ರ ಆಗಸ್ಟಿನಲ್ಲಿ ನಿಜಾಮನ ಸರಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಸೆಪ್ಟೆಂಬರ್ 16ರಂದು, ಸೈನ್ಯ ಇನ್ನೂ ಹೈದರಾಬಾದಿನ ದಾರಿಯಲ್ಲಿದ್ದಾಗಲೇ, ಪ್ಯಾರಿಸ್ಸಿನಲ್ಲಿ ಅದರ ವಿಚಾರಣೆ ನಡೆಯಿತು. ಕೆಲವೇ ದಿನಗಳಲ್ಲಿ ನಿಜಾಮ ದೂರು ಹಿಂದಕ್ಕೆ ಪಡೆದ. ಆದರೂ 'ಹೈದರಾಬಾದ್ ಪ್ರಶ್ನೆ' ದಶಕಗಳ ಕಾಲ ಮಂಡಳಿಯ ಪಟ್ಟಿಯಲ್ಲಿ ಉಳಿದೇ ಇತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸೇಡಂನ ಒಬ್ಬ ಒಕ್ಕಲಿಗನಿಗೆ ಮದ್ರಾಸಿನಿಂದ ಬಂದ ಅಧಿಕಾರಿ ಎಷ್ಟು ಹೊರಗಿನವನೋ, ಡಿಲಿಯ ಮೀನುಗಾರನಿಗೆ ನ್ಯೂಯಾರ್ಕಿನಿಂದ ಬಂದ ಅಧಿಕಾರಿಯೂ ಅಷ್ಟೇ ಹೊರಗಿನವನು. ಇಬ್ಬರ ಮಾತೂ ಕೇಳುವವರಿಗೆ ಅರ್ಥವಾಗುತ್ತಿರಲಿಲ್ಲ.

ಹೈದರಾಬಾದಿನಲ್ಲಿ ಕೆಲಸ ಮಾಡಿದ್ದು ಯಾವುದು ಎಂಬುದನ್ನು ಮೊದಲು ನೋಡಬೇಕು. ಜಾಗೀರು ರದ್ದತಿ ಕೆಲಸ ಮಾಡಿತು. ಸಂಸ್ಥಾನದ ನೆಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಜಾಗೀರುದಾರರ ಕೈಯಲ್ಲಿತ್ತು. ಹತ್ತನೆಯ ಒಂದು ಭಾಗ ಸರ್ಫ್-ಎ-ಖಾಸ್, ಅಂದರೆ ನಿಜಾಮನ ಸ್ವಂತದ್ದು. ದೊಡ್ಡ ಜಾಗೀರುಗಳಲ್ಲಿ ಕಂದಾಯ ವಸೂಲಿಯ ಜೊತೆಗೆ ಪೊಲೀಸು, ಕೋರ್ಟು ಕೂಡ ಜಾಗೀರುದಾರರವೇ. ಬಿಟ್ಟಿ ಚಾಕರಿ, ಲೇವಿ ಧಾನ್ಯ, ದೇಶಮುಖರ ದಬ್ಬಾಳಿಕೆಯ ವಿರುದ್ಧ ತೆಲಂಗಾಣದ ರೈತರು 1946ರಿಂದಲೇ ಕಮ್ಯುನಿಸ್ಟರ ಜೊತೆಗೂಡಿ ಬಂದೂಕು ಹಿಡಿದಿದ್ದರು. ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ಸಿಗರು ಜೈಲಿಗೆ ಹೋಗಿದ್ದರು. ಚೌಧರಿಯವರು ಹೊರಗಿನಿಂದ ಹೊಸ ವಿಚಾರವನ್ನೇನೂ ತರಲಿಲ್ಲ. ಹಳ್ಳಿಯವರು ರಕ್ತ ಕೊಟ್ಟು ಕೇಳಿದ್ದಕ್ಕೆ ಅವರು ಮುದ್ರೆ ಒತ್ತಿದರು, ಅಷ್ಟೇ. ಅದರಿಂದಲೇ ಆ ಮುದ್ರೆ ಉಳಿಯಿತು. 1950ರ ಗೇಣಿದಾರರ ಕಾಯಿದೆಗೂ ಇದೇ ಬೆನ್ನೆಲುಬು. (ಅದೇ ಸರಕಾರ ಅದೇ ರೈತರ ಮೇಲೆ ಸೈನ್ಯವನ್ನೂ ಬಿಟ್ಟಿತು, ಸೈನ್ಯದ ಬೆನ್ನಿಗೆ ಎಷ್ಟೋ ದೇಶಮುಖರು ಹಳ್ಳಿಗಳಿಗೆ ಮರಳಿದರು ಎಂಬುದನ್ನು ಮರೆಯುವಂತಿಲ್ಲ.)

ಕೆಲಸ ಕೆಟ್ಟದ್ದು ಕಚೇರಿಗಳಲ್ಲಿ. ಹಳೆಯ ಸರಕಾರದ ನೌಕರರಲ್ಲಿ, ಮುಖ್ಯವಾಗಿ ಮುಸಲ್ಮಾನರಲ್ಲಿ, ಅನೇಕರು ಕೆಲಸ ಕಳೆದುಕೊಂಡರು. ಅವರ ಕುರ್ಚಿಗಳಿಗೆ ಮದ್ರಾಸು, ಮುಂಬಯಿ, ಮಧ್ಯಪ್ರಾಂತಗಳಿಂದ ಜನ ಬಂದರು. 'ಅನುಭವಿ ಆಡಳಿತಗಾರರು' ಎಂದು ಅವರ ಪರಿಚಯ. ಕಚೇರಿಯ ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ ತಿರುಗಿತು. 1918ರಿಂದ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಇಂಗ್ಲಿಷಿಗೆ ಹೊರಳಿತು. ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡಿಗರಿಗೆ ಇದರಿಂದ ಸಿಕ್ಕಿದ್ದೇನು? ಅರ್ಥವಾಗದ ಒಂದು ಭಾಷೆಯ ಜಾಗಕ್ಕೆ ಅರ್ಥವಾಗದ ಇನ್ನೊಂದು ಭಾಷೆ. ಕಷ್ಟಪಟ್ಟು ಉರ್ದು ಕಲಿತು ಗುಮಾಸ್ತರಾಗಿದ್ದ ಹಿಂದೂಗಳೂ ರಾತ್ರೋರಾತ್ರಿ ಅನಕ್ಷರಸ್ಥರಾದರು. ಇದನ್ನು ದಕ್ಷತೆ ಎಂದು ಕರೆದವರು ಇದ್ದರು, ಈಗಲೂ ಇದ್ದಾರೆ.

ಅದರ ಬಿಲ್ಲು ಬಂದದ್ದು 1952ರಲ್ಲಿ. ಸ್ಥಳೀಯರಿಗೆ ನೌಕರಿ ಎಂಬ ಮುಲ್ಕಿ ನಿಯಮ ನಿಜಾಮನ ಕಾಲದಿಂದಲೂ ಇತ್ತು. ಸುಳ್ಳು ಮುಲ್ಕಿ ಸರ್ಟಿಫಿಕೇಟು ತಂದು ಹೊರಗಿನವರು ಸೇರಿಕೊಳ್ಳುತ್ತಿದ್ದಾರೆ ಎಂದು ವಾರಂಗಲ್ಲಿನಲ್ಲಿ ಎದ್ದ ಸಿಟ್ಟು ಹೈದರಾಬಾದಿಗೆ ಹಬ್ಬಿತು. 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂಬ ಘೋಷಣೆ ಬೀದಿಗಿಳಿಯಿತು. ಸೆಪ್ಟೆಂಬರಿನಲ್ಲಿ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು, ಹುಡುಗರು ಸತ್ತರು. ಗುಂಡು ಹಾರಿದಾಗ ಆಳುತ್ತಿದ್ದದ್ದು ಮಿಲಿಟರಿ ಗವರ್ನರ್ ಅಲ್ಲ, ಚುನಾಯಿತ ಸರಕಾರ. ಆದರೆ ಬಿತ್ತಿದ್ದು ಹಿಂದಿನ ನಾಲ್ಕು ವರ್ಷಗಳಲ್ಲಿ. ಆ ಮುಲ್ಕಿ ಸಿಟ್ಟು 1969ರಲ್ಲಿ ಮತ್ತೆ ಎದ್ದಿತು, 2014ರಲ್ಲಿ ಬೇರೆ ರಾಜ್ಯವೇ ಆಯಿತು. ಗಡಿಯ ಈಚೆಗೆ ಕನ್ನಡದ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದೇ ಕೊರಗು ಉಳಿಯಿತು. ಕಡೆಗೆ ಸಂವಿಧಾನಕ್ಕೆ 371(ಜೆ) ಸೇರಿಸಿ ಸ್ಥಳೀಯರಿಗೆ ನೌಕರಿ, ಸೀಟು ಮೀಸಲಿಡುವಷ್ಟರಲ್ಲಿ 2013 ಬಂದಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಒಂದು ವರದಿಯದು. ರಜಾಕಾರರು ಮಾಡಿದ ಕ್ರೌರ್ಯ ಸಣ್ಣದಲ್ಲ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಸೈನ್ಯ ಬಂದ ಮೇಲೆ ಕತ್ತಿ ತಿರುಗಿತು. ಈ ಸಲ ಸತ್ತವರು ಮುಸಲ್ಮಾನರು. ಸುದ್ದಿ ದೆಹಲಿಗೆ ಮುಟ್ಟಿ, ನೆಹರೂ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರನ್ನು ಕಳಿಸಿದರು. ಅವರು ಹಳ್ಳಿ ಹಳ್ಳಿ ತಿರುಗಿ ಬರೆದ ವರದಿಯಲ್ಲಿ, ಕಾರ್ಯಾಚರಣೆಯ ಸಮಯದಲ್ಲೂ ಆಮೇಲೂ ಸತ್ತವರು ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಎಂಬ ಅಂದಾಜಿದೆ. ಅತಿ ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ನಾಲ್ಕರಲ್ಲಿ ಎರಡು ಇವತ್ತಿನ ಕರ್ನಾಟಕದವು.

ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿದ್ದು 2013ರ ಹೊತ್ತಿಗೆ. ಪ್ರಕಟಿಸಿದ್ದರೆ ಗಾಯ ಕೆರಳುತ್ತಿತ್ತು, ಹೊಸ ಆಡಳಿತಕ್ಕೆ ಕಷ್ಟವಾಗುತ್ತಿತ್ತು ಎಂಬುದು ಸಮರ್ಥಕರ ವಾದ. ಮುಚ್ಚಿಟ್ಟಿದ್ದರಿಂದ ಗಾಯ ಮಾಯಿತೇ? ಸೆಪ್ಟೆಂಬರ್ 17 ಬಂದರೆ ಈಗಲೂ ಅದಕ್ಕೆ ಹೆಸರಿಡುವುದರಲ್ಲಿ ಜಗಳ. ಕೇಂದ್ರ ಸರಕಾರಕ್ಕೆ ಅದು ವಿಮೋಚನಾ ದಿನ. ತೆಲಂಗಾಣ ಸರಕಾರ 2022ರಲ್ಲಿ ರಾಷ್ಟ್ರೀಯ ಏಕತಾ ದಿನ ಎಂದಿತು. ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಮಣಿಕೊಂಡದ ಬಾಡಿಗೆ ಮನೆಯಲ್ಲಿರುವ ಬೀದರಿನ ಹುಡುಗನಿಗೆ ಒಂದೇ ದಿನ ಇಷ್ಟೂ ಹೆಸರಿನ ಶುಭಾಶಯ ಬರುತ್ತವೆ. ಅವನ ಅಜ್ಜನ ಊರಿನಲ್ಲಿ ಆ ವಾರ ಯಾರು ಯಾರನ್ನು ಕೊಂದರು ಎಂಬುದು ಮಾತ್ರ ಶಾಲೆಯ ಪಾಠದಲ್ಲೂ ಇರಲಿಲ್ಲ, ಸರಕಾರಿ ಭಾಷಣದಲ್ಲೂ ಇರಲಿಲ್ಲ. ಲೆಕ್ಕ ಕೊಡದ ಆಡಳಿತ ಕಚೇರಿ ಕಟ್ಟಬಹುದು. ಆ ಕಚೇರಿಯ ಮೇಲೆ ನಂಬಿಕೆ ಇಡಿ ಎಂದು ಗುಲ್ಬರ್ಗದ ವಿಧವೆಗೆ ಯಾವ ಬಾಯಲ್ಲಿ ಹೇಳುತ್ತದೆ?

ಇಷ್ಟು ತಿಳಿದ ಮೇಲೆ ಕಾಬೂಲಿನ ಕತೆ ಹೊಸದಾಗಿ ಕಾಣುವುದಿಲ್ಲ. ಅಫ್ಘಾನಿಸ್ತಾನವನ್ನು ಮರುಕಟ್ಟಲು ಅಮೆರಿಕ ಇಪ್ಪತ್ತು ವರ್ಷಗಳಲ್ಲಿ ಸುಮಾರು 145 ಶತಕೋಟಿ ಡಾಲರ್ ಸುರಿಯಿತು. ಈ ಲೆಕ್ಕ ಹಾಕಿದ್ದು ಅಮೆರಿಕದವರೇ ನೇಮಿಸಿದ ತಪಾಸಣಾ ಕಚೇರಿ. ಅಫ್ಘನ್ ಪೊಲೀಸರಿಗೆ ತರಬೇತಿ ಕೊಡಲು ಹೋದ ಕೆಲವು ಸಲಹೆಗಾರರು ಪೊಲೀಸ್ ಕೆಲಸ ಏನೆಂದು ತಿಳಿಯಲು ಅಮೆರಿಕದ ಟಿವಿ ಧಾರಾವಾಹಿ ನೋಡಿದ್ದರು ಎಂದೂ ಅದೇ ಕಚೇರಿಯ 2021ರ ವರದಿ ಹೇಳುತ್ತದೆ. ನಗು ಬರಬೇಕಾದ ಮಾತು. ಆದರೆ ಆ ಪೊಲೀಸರು ಸಾಯುತ್ತಿದ್ದರು. 2021ರ ಆಗಸ್ಟ್ 15ರಂದು, ಜಾಗೀರು ರದ್ದತಿಯ ದಿನಾಂಕದಂದೇ, ಅಷ್ಟೂ ಕಟ್ಟಡ ಒಂದು ಮಧ್ಯಾಹ್ನದಲ್ಲಿ ಕುಸಿಯಿತು.

ಭಾರತವೂ ಇದರಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಸುಮಾರು 3 ಶತಕೋಟಿ ಡಾಲರಿನ ನೆರವು ಭಾರತದ್ದು. ಹೆರಾತಿನ ಸಲ್ಮಾ ಅಣೆಕಟ್ಟು, ಜರಂಜ್–ದೆಲಾರಾಂ ರಸ್ತೆ ಜನರಿಗೆ ಬೇಕಾಗಿದ್ದವು, ಇವತ್ತೂ ಬಳಕೆಯಲ್ಲಿವೆ. 2015ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿ ಉದ್ಘಾಟಿಸಿದ ಕಾಬೂಲಿನ ಸಂಸತ್ ಭವನವೂ ಭಾರತದ ಕೊಡುಗೆ. ಗುಮ್ಮಟ ಇದೆ, ಸಭಾಂಗಣ ಇದೆ, ಆರಿಸಿ ಬಂದ ಸದಸ್ಯರು ಮಾತ್ರ ಇಲ್ಲ. ರಸ್ತೆ ಉಳಿದು ಸಂಸತ್ತು ಉಳಿಯದೇ ಇರುವುದು ಆಕಸ್ಮಿಕವೇನೂ ಅಲ್ಲ. ರಸ್ತೆಯನ್ನು ಯಾರು ಕಟ್ಟಿದರೂ ಲಾರಿ ಓಡುತ್ತದೆ.

ಪೂರ್ವ ಟಿಮೋರನ್ನು ಯಶಸ್ಸು ಎನ್ನುವವರಿದ್ದಾರೆ. 1999ರಿಂದ 2002ರವರೆಗೆ ವಿಶ್ವಸಂಸ್ಥೆ ಅಲ್ಲಿ ನೇರವಾಗಿ ಆಳಿತು. ಕಾನೂನು ಮಾಡಿದ್ದೂ, ಜಾರಿ ಮಾಡಿದ್ದೂ ಅದೇ. ಜನ ತೆತುಮ್ ಆಡುತ್ತಿದ್ದರು, ವಿಶ್ವಸಂಸ್ಥೆಯ ಕಚೇರಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಾಲ್ಕೇ ವರ್ಷಗಳಲ್ಲಿ, 2006ರಲ್ಲಿ, ಹೊಸ ದೇಶದ ಸೈನ್ಯವೂ ಪೊಲೀಸರೂ ಪರಸ್ಪರ ಗುಂಡು ಹಾರಿಸಿಕೊಂಡರು. ಬೋಸ್ನಿಯಾದ ಮಾತಂತೂ ಬೇಡ. 1995ರಲ್ಲಿ ಯುದ್ಧ ನಿಂತ ಮೇಲೆ ಹೊರಗಿನಿಂದ ನೇಮಕವಾದ ಹೈ ರೆಪ್ರೆಸೆಂಟೆಟಿವ್ 2004ರಲ್ಲಿ ಒಂದೇ ದಿನ ಸುಮಾರು 60 ಅಧಿಕಾರಸ್ಥರನ್ನು ಕಿತ್ತುಹಾಕಿದರು. ಪ್ರಜಾಪ್ರಭುತ್ವ ಕಲಿಸುವ ವಿಧಾನ ಇದಂತೆ.

ಹೊರಗಿನವರು ಬರದಿದ್ದರೆ ರಜಾಕಾರರನ್ನು ತಡೆಯುವವರು ಯಾರು, ಡಿಲಿ ಸುಡುತ್ತಿದ್ದಾಗ ನಂದಿಸುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. ಕೊಲೆ ನಿಲ್ಲಿಸಲು ಹೊರಗಿನ ಬಲ ಬೇಕಾಗುತ್ತದೆ. ಚೌಧರಿಯವರ ಟ್ಯಾಂಕುಗಳ ಬಗ್ಗೆ ತಕರಾರಿಲ್ಲ, ಟ್ಯಾಂಕಿನ ಹಿಂದೆ ಬಂದ ಕಡತಗಳ ಬಗ್ಗೆ ಇದೆ. ಬೆಂಕಿ ಆರಿಸಲು ಬಂದವರು ಮನೆಯ ಪಾತ್ರೆ ಎಲ್ಲಿಡಬೇಕೆಂದು ಹೇಳಲು ತೊಡಗಿದರೆ ಮನೆಯವರು ಸುಮ್ಮನಿರುವುದು ಕೃತಜ್ಞತೆಯಿಂದ ಇರಲಾರದು.

ಹೈದರಾಬಾದ್ ಕಾಬೂಲಿನಂತೆ ಕುಸಿಯಲಿಲ್ಲವಲ್ಲ ಎಂದರೆ, ಅದಕ್ಕೆ ಕಾರಣ ಬಂದ ಅಧಿಕಾರಿಗಳ ಜಾಣತನವಲ್ಲ. ಮಿಲಿಟರಿ ಆಡಳಿತ 1949ರ ಡಿಸೆಂಬರಿನವರೆಗೆ ನಡೆಯಿತು. ಆಮೇಲೆ ನಾಗರಿಕ ಸೇವೆಯ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. 1952ರ ಆರಂಭದಲ್ಲೇ ಚುನಾವಣೆ ನಡೆದು ಬೂರ್ಗುಲ ರಾಮಕೃಷ್ಣರಾವ್ ಸರಕಾರ ಬಂತು. ಸೈನ್ಯ ಕಾಲಿಟ್ಟು ಮೂರೂವರೆ ವರ್ಷವಾಗಿತ್ತು. ಕಮ್ಯುನಿಸ್ಟರು ಹೋರಾಟ ಹಿಂತೆಗೆದದ್ದು 1951ರ ಅಕ್ಟೋಬರಿನಲ್ಲಿ. ಪಕ್ಷದ ಮೇಲೆ ನಿಷೇಧವಿದ್ದರೂ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ನಿಲ್ಲಲು ಬಿಟ್ಟರು. ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣ ರೆಡ್ಡಿ ಆ ಚುನಾವಣೆಯಲ್ಲಿ ನೆಹರೂಗಿಂತಲೂ ಹೆಚ್ಚು ಮತ ಪಡೆದು ಗೆದ್ದರು. ನಿನ್ನೆಯವರೆಗೆ ಬಂದೂಕು ಹಿಡಿದಿದ್ದವರ ಮುಂದಾಳು ಇವತ್ತು ಸಂಸತ್ತಿನಲ್ಲಿ ಕೂತ. 2001ರ ಡಿಸೆಂಬರಿನ ಬಾನ್ ಸಭೆಗೆ ತಾಲಿಬಾನಿನ ಕಡೆಯ ಒಬ್ಬರನ್ನೂ ಕರೆಯಲಿಲ್ಲ. ಅದು ತಪ್ಪಾಯಿತೆಂದು ಸಭೆ ನಡೆಸಿದ ಲಖ್ದರ್ ಬ್ರಾಹಿಮಿ ಅವರೇ ಮುಂದೆ ಒಪ್ಪಿಕೊಂಡರು. ಸೋತವರಿಗೆ ಕೂರಲು ಒಂದು ಕುರ್ಚಿ ಇಟ್ಟದ್ದು ಹೈದರಾಬಾದನ್ನು ಉಳಿಸಿತು. ಅದನ್ನು ಕಲಿಸಲು ಯಾವ ಸಲಹೆಗಾರನೂ ಬೇಕಿರಲಿಲ್ಲ.

ಹಾಗಿದ್ದೂ ಮಣಿಕೊಂಡದಲ್ಲಿ ಆದದ್ದೇನು? ಹುಸೇನ್ ಶಾ ವಲಿ ಕಲಬುರಗಿಯ ಖ್ವಾಜಾ ಬಂದೇನವಾಜರ ವಂಶದವರು, ಕುತುಬ್ ಶಾಹಿಗಳ ಕಾಲದಲ್ಲಿ ಹುಸೇನ್ ಸಾಗರ ಕಟ್ಟಿಸಿದವರು ಎಂಬುದು ಪ್ರತೀತಿ. ಅವರ ದರ್ಗಾದ ಹೆಸರಿನಲ್ಲಿದ್ದ ಜಾಗೀರು 1949ರಲ್ಲಿ ಹೋಯಿತು, ನೆಲ ಸರಕಾರಕ್ಕೆ ಬಂತು. ನೆಲ ಉತ್ತವನಿಗೆ ಎಂದು ತೆಲಂಗಾಣ ಕೇಳಿತ್ತು. ಆ ಕೂಗಿನ ಮೊದಲರ್ಧವನ್ನು, ಅಂದರೆ ಜಾಗೀರುದಾರನಿಂದ ಕಿತ್ತುಕೊಳ್ಳುವುದನ್ನು, ನಿಬಂಧನೆ ನಡೆಸಿಕೊಟ್ಟಿತು. ಎರಡನೆಯ ಅರ್ಧವನ್ನು ಅದು ಮುಂದೆ ಬರುವ ಸರಕಾರಗಳಿಗೆ ಬಿಟ್ಟಿತು. ಐದು ದಶಕಗಳು ಕಳೆದ ಮೇಲೆ ಆ ನೆಲದ ದೊಡ್ಡ ದೊಡ್ಡ ತುಂಡುಗಳನ್ನು ಸರಕಾರ ಐಟಿ ಕಂಪನಿಗಳಿಗೆ, ಕಟ್ಟಡ ಕಂಪನಿಗಳಿಗೆ ಕೊಟ್ಟಿತು. ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯದ ಮುಖ್ಯ ಕಕ್ಷಿಗಳು ರಾಜ್ಯ ಸರಕಾರ, ವಕ್ಫ್ ಮಂಡಳಿ, ಜಮೀನು ಪಡೆದ ಕಂಪನಿಗಳು. 1949ರಲ್ಲಿ ಅಲ್ಲಿ ನೇಗಿಲು ಹಿಡಿದಿದ್ದವರ ಮೊಮ್ಮಕ್ಕಳು ಎಲ್ಲಿದ್ದಾರೆ ಎಂದು ಕೇಳುವ ಕಾಲಂ ಆ ಕಡತದಲ್ಲಿ ಮೊದಲಿನಿಂದಲೂ ಇರಲಿಲ್ಲ.