ಗಡಿ ಮುಚ್ಚಿದರೂ ಇನ್ಸುಲಿನ್ ನಿಲ್ಲಬಾರದು: ಕಾಸರಗೋಡಿನ ಮಧುಮೇಹಿಗಳ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಆರೋಗ್ಯ ಸಚಿವರು, ಕೇರಳ ಸರಕಾರ, ಸೆಕ್ರೆಟರಿಯೇಟ್, ತಿರುವನಂತಪುರ

ಮಾನ್ಯರೆ,

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಸರಕಾರ ತಲಪಾಡಿಯಲ್ಲಿ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರಲ್ಲಿ ಹಲವರು ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೊಚ್ಚಿಯ ಹೈಕೋರ್ಟ್, ಇದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಉಲ್ಲಂಘನೆ ಎಂದು ಹೇಳಿ, ತಡೆ ತೆರವುಗೊಳಿಸಲು ಕೇಂದ್ರಕ್ಕೆ ಆದೇಶಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳಿಗಷ್ಟೇ ದಾರಿಯಾಯಿತು. ಇನ್ಸುಲಿನ್ ಮುಗಿಯುತ್ತ ಬಂದವರು ತುರ್ತು ರೋಗಿಗಳ ಲೆಕ್ಕಕ್ಕೆ ಸಿಗುವುದು ಪ್ರಜ್ಞೆ ತಪ್ಪಿದ ಮೇಲೆ.

ಮಣ್ಣು ಸುರಿದದ್ದು ಅತ್ತಲಿನ ಸರಕಾರ. ಆದರೆ ಶುಗರ್ ತಜ್ಞರನ್ನು ಕಾಣಲು ನಾವು ಇನ್ನೊಂದು ರಾಜ್ಯಕ್ಕೆ ಹೋಗಬೇಕಾಗಿ ಬಂದದ್ದಕ್ಕೆ ಉತ್ತರ ಹೇಳಬೇಕಾದವರು ತಾವು. ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ಇಷ್ಟು ಜನರ ಕಾಯಿಲೆಯನ್ನು ಪಿಡುಗಿನ ಕಾಲದಲ್ಲಿ ಬದಿಗಿಡುವ ಅಧಿಕಾರ ಯಾವ ಇಲಾಖೆಗೂ ಇಲ್ಲ. ನಮಗೆ ಸಲ್ಲಬೇಕಾದವು ಇವು:

1. ನಿರ್ಬಂಧ ಘೋಷಣೆಯಾದ ವಾರದೊಳಗೆ ಪ್ರತಿ ಮಧುಮೇಹಿಗೆ ಮೂರು ತಿಂಗಳ ಮಾತ್ರೆಗಳನ್ನು ಒಟ್ಟಿಗೇ ಕೊಡಬೇಕು.

2. 2020ರಲ್ಲಿ ಅಗ್ನಿಶಾಮಕ ದಳದವರು ಮನೆಮನೆಗೆ ಔಷಧ ತಲುಪಿಸಿದ ವ್ಯವಸ್ಥೆಯನ್ನು ಸ್ಥಾಯಿ ಆದೇಶವಾಗಿಸಿ, ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಮೀಂಜ ಪಂಚಾಯತುಗಳನ್ನು ಅದರಲ್ಲಿ ಹೆಸರಿಸಿ ಸೇರಿಸಬೇಕು.

3. ತೆರೆಯದ ಇನ್ಸುಲಿನ್ ಬಾಟ್ಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಾಗಿರುವುದರಿಂದ, ಫ್ರಿಜ್ ಇಲ್ಲದೆ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಮಡಕೆಯಲ್ಲಿಡುವ ಮನೆಗಳಿಗಾಗಿ ಪ್ರತಿ ಕುಟುಂಬ ಆರೋಗ್ಯ ಕೇಂದ್ರದ ಫ್ರಿಜ್‌ನಲ್ಲಿ ಹೆಸರು ಬರೆದ ದಾಸ್ತಾನು ಇರಬೇಕು, ಕರೆಂಟು ಹೋದರೆ ಜನರೇಟರ್ ಇರಬೇಕು.

4. ಇನ್ಸುಲಿನ್ ಚುಚ್ಚಿಕೊಳ್ಳುವ ಪ್ರತಿಯೊಬ್ಬರಿಗೂ ಗ್ಲುಕೋಮೀಟರ್ ಮತ್ತು ತಿಂಗಳಿಗೆ ಬೇಕಾಗುವಷ್ಟು ಸ್ಟ್ರಿಪ್ ಉಚಿತವಾಗಿ ಸಿಗಬೇಕು (2020ರ ರೇಷನ್ ಕಿಟ್ಟಿನಲ್ಲಿ ಸಕ್ಕರೆ ಇತ್ತು, ಅದನ್ನು ಅಳೆಯುವ ಸ್ಟ್ರಿಪ್ ಇರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ).

5. 2013ರ ನವೆಂಬರಿನಲ್ಲಿ ಶಿಲಾನ್ಯಾಸವಾಗಿ, 2020ರ ಏಪ್ರಿಲಿನಲ್ಲಿ ತಿರುವನಂತಪುರದಿಂದ ವೈದ್ಯರನ್ನು ಕರೆಸಿ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಲಾದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ ಖಾಯಂ ಮಧುಮೇಹ ತಜ್ಞರು, ಡಯಾಲಿಸಿಸ್ ಮತ್ತು ಹಗಲಿರುಳು ತೆರೆದಿರುವ ಪ್ರಯೋಗಾಲಯ ಇರಬೇಕು.

6. ತಿರುವನಂತಪುರ ಜಿಲ್ಲೆಯಲ್ಲಿ ಆರಂಭಿಸಿದ, ಮಧುಮೇಹಿಗಳಿಗಾಗಿರುವ ನಯನಾಮೃತಂ ಕಣ್ಣಿನ ತಪಾಸಣೆ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಎಲ್ಲ ಕುಟುಂಬ ಆರೋಗ್ಯ ಕೇಂದ್ರಗಳಲ್ಲೂ ನಡೆಯಬೇಕು.

7. ಕಂಟೈನ್‌ಮೆಂಟ್ ವಲಯದಲ್ಲಿದ್ದರೂ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ತಪ್ಪಬಾರದು.

8. ಸ್ಟೆರಾಯ್ಡ್‌ನಿಂದ ಸಕ್ಕರೆ ಏರುವುದೂ, 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ಹೆಚ್ಚಾಗಿ ಬಲಿಯಾದವರು ಮಧುಮೇಹಿಗಳೆಂಬುದೂ ತಮಗೆ ಗೊತ್ತಿರುವುದರಿಂದ, ಪಿಡುಗಿನ ವಾರ್ಡುಗಳಲ್ಲಿ ಸ್ಟೆರಾಯ್ಡ್ ಪಡೆಯುವ ಪ್ರತಿ ರೋಗಿಯ ರಕ್ತದ ಸಕ್ಕರೆಯನ್ನು ದಿನಕ್ಕೆ ನಾಲ್ಕು ಬಾರಿ ಅಳೆದು ಬರೆದಿಡಬೇಕು.

9. ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ತಮ್ಮ ಸರಕಾರದ ಮಿಠಾಯಿ ಯೋಜನೆಯ ಇನ್ಸುಲಿನ್ ಮತ್ತು ಉಪಕರಣಗಳು ನಿರ್ಬಂಧದ ದಿನಗಳಲ್ಲಿ ಮನೆಬಾಗಿಲಿಗೇ ಬರಬೇಕು.

10. ಗಡಿ ದಾಟಲು ಎರಡು ಡೋಸ್ ಲಸಿಕೆ ಪಡೆದವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳಿದ 2021ರಂಥ ಸ್ಥಿತಿ ಮರುಕಳಿಸದಂತೆ, ದೀರ್ಘಕಾಲದ ರೋಗಿಗಳ ಓಡಾಟದ ಬಗ್ಗೆ ಕರ್ನಾಟಕದೊಂದಿಗೆ ಲಿಖಿತ ಒಪ್ಪಂದ ಈಗಲೇ ಆಗಬೇಕು.

11. ನಮ್ಮ ಊರುಗಳ ಔಷಧ ಚೀಟಿ, ಪ್ರಮಾಣದ ಸೂಚನೆ, ಪಿಡುಗಿನ ಪ್ರಕಟಣೆ ಮತ್ತು ಸಹಾಯವಾಣಿ ಕನ್ನಡದಲ್ಲಿಯೂ ಇರಬೇಕು, ಏಕೆಂದರೆ ಎಷ್ಟು ಯೂನಿಟ್ ಚುಚ್ಚಿಕೊಳ್ಳಬೇಕೆಂದು ಪಕ್ಕದ ಮನೆಯವರಿಂದ ಓದಿಸಿಕೊಳ್ಳುವುದು ಪ್ರಾಣಕ್ಕೇ ಅಪಾಯ.

12. ಈ ಪತ್ರಕ್ಕೆ 30 ದಿನಗಳೊಳಗೆ, 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿರುವ ಹಕ್ಕಿನಂತೆ ಕನ್ನಡದಲ್ಲಿ, ಪ್ರತಿ ಬೇಡಿಕೆಗೂ ಹೊಣೆಗಾರ ಅಧಿಕಾರಿಯ ಹುದ್ದೆ ಮತ್ತು ಗಡುವು ನಮೂದಿಸಿದ ಉತ್ತರ ಬರಬೇಕು.

ಇತಿ,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಮಧುಮೇಹಿಗಳು ಹಾಗೂ ಅವರ ಮನೆಯವರು