ಸುಮ್ನೆ ನಿಂತ ಬ್ಯಾಟರಿಯೂ ಸವೆಯುತ್ತೆ



ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗೋ ವಾರ ನಿಮ್ಮೂರಿನ ಬ್ಯಾಟರಿ ಅಂಗಡಿ ಮುಂದೆ ಒಮ್ಮೆ ನಿಂತು ನೋಡಿ. ಶಾಲಾ ವ್ಯಾನು, ಟ್ರ್ಯಾಕ್ಟರು, ಯಾರದೋ ಮನೆಯ ಇನ್ವರ್ಟರು, ಹೀಗೆ ಎಲ್ಲೆಲ್ಲಿಂದಲೋ ಬ್ಯಾಟರಿಗಳು ಬಂದಿರುತ್ತವೆ. ತಂದವರನ್ನು ಕೇಳಿದರೆ ಒಂದೇ ಉತ್ತರ: "ಗಾಡಿ ಓಡಿಸೇ ಇಲ್ಲ ಸಾರ್, ನಿಲ್ಲಿಸಿದ್ದು ನಿಲ್ಲಿಸಿದ ಹಾಗೇ ಇತ್ತು. ಆದ್ರೂ ಹೋಯ್ತು!"

ಈ "ಆದ್ರೂ" ಅನ್ನೋ ಮಾತಿನಲ್ಲೇ ತಪ್ಪಿದೆ ಅನ್ನೋದು ನನ್ನ ವಾದ. ಓಡಿಸದಿದ್ದರೂ ಹೋಯ್ತು ಅಂತಲ್ಲ, ಓಡಿಸದೆ, ಚಾರ್ಜ್ ಮಾಡದೆ, ವೈರು ಬಿಚ್ಚದೆ ಬಿಟ್ಟದ್ದರಿಂದಲೇ ಹೋಯ್ತು. ಬ್ಯಾಟರಿಗೆ ವಿಶ್ರಾಂತಿ ಅನ್ನೋದು ಇಲ್ಲ. ಇದನ್ನು ನಾವು ಪಾಠದಲ್ಲಿ ಹೇಳಿಕೊಡೋದು ಕಡಿಮೆ. ಬ್ಯಾಟರಿ ಅಂದರೆ ಬಲ್ಬು ಹೊತ್ತಿಸುವ ವಸ್ತು ಅಂತ ಚಿತ್ರ ಬರೆಸಿ, ಪ್ಲಸ್ಸು ಮೈನಸ್ಸು ಗುರುತು ಹಾಕಿಸಿ ಮುಂದೆ ಹೋಗುತ್ತೇವೆ. ಬಲ್ಬೇ ಇಲ್ಲದಾಗ ಒಳಗೆ ಏನು ನಡೆಯುತ್ತೆ ಅಂತ ಕೇಳೋದೇ ಇಲ್ಲ.

ಉದಾಹರಣೆಗೆ ತಮಿಳುನಾಡಿನ ಉಡುಮಲೈಪೇಟೆ ಸೀಮೆಯನ್ನು ತೆಗೆದುಕೊಳ್ಳೋಣ. ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿತ್ತು, 2009ರಲ್ಲಿ ತಿರುಪ್ಪೂರು ಜಿಲ್ಲೆ ಆದಮೇಲೆ ಅದಕ್ಕೆ ಸೇರಿತು. ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಅಲ್ಲೂ ಇವೆ. ಪಾಲಕ್ಕಾಡು ಕಣಿವೆಯಿಂದ ಬೀಸುವ ಗಾಳಿಗೆ ತಿರುಗುವ ಸಾಲು ಸಾಲು ಗಾಳಿಯಂತ್ರಗಳು, ತೆಂಗಿನ ತೋಟಗಳು, ಮೆಕ್ಕೆಜೋಳದ ಹೊಲಗಳು. ಇಲ್ಲಿ ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ನೀರು ನಾಲ್ಕು ವಲಯಗಳಿಗೆ ಸರದಿಯ ಮೇಲೆ ಬರುತ್ತದೆ. ಸರದಿ ಬಂದಾಗ ಹೊಲದಲ್ಲಿ ಬಿಡುವಿಲ್ಲದ ಕೆಲಸ. ಸರದಿ ಮುಗಿದರೆ ಟ್ರ್ಯಾಕ್ಟರು ಶೆಡ್ಡಿಗೆ, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರು ಮೂಲೆಗೆ. ತಿಂಗಳುಗಟ್ಟಲೆ ಯಾರೂ ಅತ್ತ ತಿರುಗಿ ನೋಡೋದಿಲ್ಲ. ಗುಡ್ಡದಾಚೆ ಕೇರಳದಲ್ಲಿ 2021ರಿಂದ ಕ್ಯಾರವಾನ್ ಪ್ರವಾಸೋದ್ಯಮ ಶುರುವಾಗಿದೆ. ಒಳಗೇ ಹಾಸಿಗೆ, ಅಡುಗೆಮನೆ, ಫ್ಯಾನು ಇರುವ, ಚಕ್ರದ ಮೇಲಿನ ಮನೆ ಅದು. ಪ್ರವಾಸದ ಕಾಲ ಮುಗಿದು ನಿಂತಾಗ ಅದಕ್ಕೂ ಇದೇ ಗತಿ. ಎಂಜಿನ್‌ಗೊಂದು, ಮನೆಗೊಂದು ಅಂತ ಎರಡು ಬ್ಯಾಟರಿ ಇರುವುದರಿಂದ ನಷ್ಟವೂ ಎರಡು ಪಟ್ಟು.

ನಿಂತ ಬ್ಯಾಟರಿಯನ್ನು ಖಾಲಿ ಮಾಡುವ ಕಳ್ಳರು ಇಬ್ಬರು. ಒಬ್ಬ ಹೊರಗಿದ್ದಾನೆ, ಒಬ್ಬ ಒಳಗೇ ಇದ್ದಾನೆ.

ಹೊರಗಿನ ಕಳ್ಳ ಯಾರು? ಕೀಲಿ ತೆಗೆದರೂ ವಾಹನ ಪೂರ್ತಿ ನಿದ್ದೆ ಹೋಗೋದಿಲ್ಲ. ಗಡಿಯಾರ, ಕಳ್ಳತನದ ಅಲಾರಂ, ಜಿಪಿಎಸ್ ಸಾಧನ ಇವೆಲ್ಲ ಎಚ್ಚರವಾಗೇ ಇರುತ್ತವೆ. ಎಲ್ಲಾ ಸೇರಿ 50 ಮಿಲಿಆಂಪಿಯರ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. ಇಷ್ಟೇನಾ ಅನ್ನಿಸುತ್ತೆ. ಲೆಕ್ಕ ಹಾಕಿ: 0.05 ಆಂಪಿಯರ್ × 24 ಗಂಟೆ = ದಿನಕ್ಕೆ 1.2 ಆಂಪಿಯರ್-ಗಂಟೆ. ವ್ಯಾನಿನ ಬ್ಯಾಟರಿ 60 ಆಂಪಿಯರ್-ಗಂಟೆಯದ್ದಾದರೆ 25 ದಿನಕ್ಕೆ ಅರ್ಧ, 50 ದಿನಕ್ಕೆ ಪೂರ್ತಿ ಖಾಲಿ. ನಿಮ್ಮ ಬೇಸಿಗೆ ರಜೆ ಎಷ್ಟು ದಿನ? ಹೆಚ್ಚುಕಮ್ಮಿ ಅಷ್ಟೇ!

ಒಳಗಿನ ಕಳ್ಳ ರಸಾಯನಶಾಸ್ತ್ರ. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲ ಬ್ಯಾಟರಿಯೇ ಇಂದಿಗೂ ನಮ್ಮ ಬಹುತೇಕ ವಾಹನಗಳಲ್ಲಿರೋದು. ಒಂದು ಕಡೆ ಸೀಸದ ತಟ್ಟೆ, ಇನ್ನೊಂದು ಕಡೆ ಸೀಸದ ಡೈಆಕ್ಸೈಡ್ ತಟ್ಟೆ, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಕರೆಂಟು ಕೊಡುವಾಗ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ವೈರು ಬಿಚ್ಚಿಟ್ಟರೂ ಇದೇ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಇದಕ್ಕೆ ಸ್ವಯಂ ವಿಸರ್ಜನೆ ಅಂತ ಹೆಸರು. ಒಳ್ಳೆಯ ಬ್ಯಾಟರಿಯಲ್ಲಿ ಇದು ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಪಾಲು. ಹಳೆಯದಾದರೆ ಇನ್ನೂ ಜಾಸ್ತಿ. ಬಿಸಿ ಹತ್ತು ಡಿಗ್ರಿ ಏರಿದರೆ ಈ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ. ಚಳಿ ದೇಶದವರಿಗೆ ಹೆದರಿಕೆ ಹಿಮದ್ದು, ಖಾಲಿಯಾದ ಬ್ಯಾಟರಿಯಲ್ಲಿ ತೆಳುವಾದ ಆಮ್ಲ ಹೆಪ್ಪುಗಟ್ಟಿ ಡಬ್ಬಿ ಒಡೆಯುತ್ತದೆ ಅಂತ. ನಮ್ಮ ಕಡೆ ಶತ್ರು ಏಪ್ರಿಲ್ ತಿಂಗಳ ತಗಡಿನ ಶೆಡ್ಡು.

ಖಾಲಿಯಾದರೆ ಮತ್ತೆ ಚಾರ್ಜ್ ಮಾಡಿದರಾಯ್ತಲ್ಲ ಅಂತ ಕೇಳಬಹುದು. ತೊಂದರೆ ಇರೋದೇ ಇಲ್ಲಿ. ಹೊಸದಾಗಿ ಕೂತ ಸಲ್ಫೇಟ್ ಮೆತ್ತಗಿನ ಸಣ್ಣ ಹರಳು, ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳು ದಪ್ಪವಾಗಿ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಬಿಸಿ ಇರುವಾಗ ಪಾತ್ರೆ ತೊಳೆದ ಹಾಗಲ್ಲ, ಒಣಗಿ ಕಲ್ಲಾದ ಮೇಲೆ ತಿಕ್ಕಿದ ಹಾಗೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ತಟ್ಟೆಯ ಆ ಭಾಗ ಕೆಲಸಕ್ಕೆ ಬರೋದಿಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ವಾಹನಗಳು ನಿಂತಲ್ಲೇ ನಿಂತವಲ್ಲ, ಆಗ ದೇಶದ ಉದ್ದಗಲಕ್ಕೂ ಜನ ಕಲಿತ ಪಾಠ ಇದೇ. ಶಾಲಾ ವಾಹನಗಳಂತೂ ಎಲ್ಲಕ್ಕಿಂತ ಹೆಚ್ಚು ಕಾಲ ನಿಂತವು.

ಹಾಗಾದರೆ ಏನು ಮಾಡಬೇಕು? ದೊಡ್ಡ ವಿದ್ಯೆ ಏನೂ ಬೇಡ. ನಿಲ್ಲಿಸುವ ಮುಂಚೆ ಪೂರ್ತಿ ಚಾರ್ಜ್ ಮಾಡಬೇಕು. ಮೈನಸ್ ವೈರನ್ನು ಮೊದಲು ಬಿಚ್ಚಬೇಕು. ಯಾಕೆ ಮೈನಸ್ಸೇ ಮೊದಲು? ವಾಹನದ ಕಬ್ಬಿಣದ ಮೈಗೆ ಸೇರಿಸಿರೋದು ಮೈನಸ್ಸನ್ನು. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಮೈಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಬ್ಯಾಟರಿಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಇಡಬೇಕು. ತಿಂಗಳಿಗೊಮ್ಮೆ ವೋಲ್ಟೇಜ್ ನೋಡಬೇಕು.

ವೋಲ್ಟೇಜ್ ವಿಷಯದಲ್ಲಿ ಒಂದು ಮೋಸ ಇದೆ, ಗಮನಿಸಿ. ಡಬ್ಬಿಯ ಮೇಲೆ 12 ವೋಲ್ಟ್ ಅಂತ ಬರೆದಿರುತ್ತದೆ. ಹಾಗಾಗಿ ಮೀಟರಿನಲ್ಲಿ 12 ಬಂದರೆ ತುಂಬಿದೆ ಅಂದ್ಕೊಳ್ತೀವಿ. ಅಲ್ಲ! ಒಳಗಿರುವ ಆರು ಕೋಶಗಳಲ್ಲಿ ಒಂದೊಂದಕ್ಕೂ 2.1 ವೋಲ್ಟ್. ಕೆಲವು ಗಂಟೆ ಸುಮ್ಮನೆ ಇಟ್ಟ ತುಂಬಿದ ಬ್ಯಾಟರಿ 12.6 ತೋರಿಸಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಪಾಲು ಮಾತ್ರ ಉಳಿದಿದೆ. 12.4ಕ್ಕೆ ಇಳಿದ ಕೂಡಲೇ ಚಾರ್ಜಿಗೆ ಹಾಕಿದರೆ ಹರಳು ಗಟ್ಟಿಯಾಗಲು ಅವಕಾಶ ಸಿಗೋದಿಲ್ಲ.

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ರೆ ಸಾಕು" ಅನ್ನೋ ಮಾತು ಎಲ್ಲ ಊರಲ್ಲೂ ಇದೆ. ಇದನ್ನೂ ಲೆಕ್ಕಕ್ಕೆ ಹಾಕೋಣ. ಎಂಜಿನ್ 20 ಆಂಪಿಯರ್ ತುಂಬಿಸುತ್ತದೆ ಅಂತ ಧಾರಾಳವಾಗಿ ಇಟ್ಟುಕೊಂಡರೂ ಐದು ನಿಮಿಷಕ್ಕೆ ಸಿಗೋದು ಸುಮಾರು 1.7 ಆಂಪಿಯರ್-ಗಂಟೆ. ವಾರದಲ್ಲಿ ಹೊರಗಿನ ಕಳ್ಳ ಒಯ್ದದ್ದು 8.4. ಡೀಸೆಲ್ ಸುಟ್ಟು, ಹೊಗೆ ಕುಡಿದು, ಕೊನೆಗೂ ನಷ್ಟವೇ. ಆ ಐದು ನಿಮಿಷದ ಬದಲು ಒಂದು ನಟ್ಟು ಸಡಿಲ ಮಾಡಿದರೆ ಕೆಲಸ ಆಗುತ್ತಿತ್ತು.

ಇನ್ನೊಂದು ನಂಬಿಕೆ: ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತೆ, ಹಲಗೆ ಮೇಲೆ ಇಡಬೇಕು ಅಂತ. ಹಿಂದೆ ಡಬ್ಬಿಗಳು ಮರದವು, ಗಟ್ಟಿ ರಬ್ಬರಿನವು ಇದ್ದಾಗ ಅದಕ್ಕೆ ಅರ್ಥ ಇತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದ ಹಂಗಿಲ್ಲ. ಹಲಗೆ ಇಟ್ಟರೆ ತಪ್ಪೇನಿಲ್ಲ, ಆದರೆ ಹಲಗೆ ಇಟ್ಟೆವಲ್ಲ ಅಂತ ಚಾರ್ಜ್ ಮಾಡೋದನ್ನು ಮರೆಯಬಾರದು.

ಎಲ್ಲಾ ಬ್ಯಾಟರಿಗೂ ಒಂದೇ ಮಂತ್ರ ಇಲ್ಲ ಅನ್ನೋದೂ ನೆನಪಿರಲಿ. ಮೊಬೈಲು, ಲ್ಯಾಪ್‌ಟಾಪು, ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿರುವ ಲಿಥಿಯಂ ಬ್ಯಾಟರಿಯನ್ನು ತುಂಬಾ ದಿನ ಎತ್ತಿಡುವಾಗ ಪೂರ್ತಿ ತುಂಬಿಸಿಡಬಾರದು, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು. ಸ್ಪ್ರೇಯರಿನಲ್ಲಿ ಎರಡೂ ಬಗೆ ಬರುತ್ತವೆ. ಹಾಗಾಗಿ ಮೊದಲು ಡಬ್ಬಿಯ ಮೇಲಿನ ಬರಹ ಓದಿ.

ಈಗ ನನ್ನ ಸಲಹೆಗೆ ಬರುತ್ತೇನೆ. ಪ್ರತಿ ಶಾಲೆಯ ವಿಜ್ಞಾನ ಸಂಘವೂ ರಜೆಗೆ ಮುಂಚಿನ ವಾರ ಒಂದು ದಿನವನ್ನು ಬ್ಯಾಟರಿಗೆ ಮೀಸಲಿಡಬೇಕು. ಶಾಲೆಯ ವ್ಯಾನು, ಇನ್ವರ್ಟರು, ಸೋಲಾರ್ ದೀಪ, ಊರಿನ ನಾಲ್ಕಾರು ಟ್ರ್ಯಾಕ್ಟರು ಇವುಗಳ ವೋಲ್ಟೇಜನ್ನು ಮಕ್ಕಳೇ ಅಳೆದು ಪುಸ್ತಕದಲ್ಲಿ ಬರೆಯಬೇಕು. ತಿಂಗಳಾದ ಮೇಲೆ ಮತ್ತೆ ಅಳೆದು, ವೈರು ಬಿಚ್ಚಿದ್ದು ಎಷ್ಟು ಇಳಿಯಿತು, ಬಿಚ್ಚದ್ದು ಎಷ್ಟು ಇಳಿಯಿತು ಅಂತ ಗ್ರಾಫ್ ಬರೆಯಬೇಕು. ಬೇಕಾಗಿರೋದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಉಳಿಯುವುದು ಸಾವಿರಾರು ರೂಪಾಯಿಯ ಬ್ಯಾಟರಿ.

"ಆಮ್ಲ, ಕಿಡಿ, ಇದೆಲ್ಲ ಮಕ್ಕಳ ಕೈಗೆ ಯಾಕೆ?" ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೆಂಕಿಕಡ್ಡಿ ಗೀರಿದರೆ ಸಿಡಿಯಬಹುದು. ಆಮ್ಲ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಅದಕ್ಕೇ ಕೆಲಸ ಹಂಚಿಕೊಳ್ಳೋಣ ಅನ್ನೋದು. ಸ್ಪ್ಯಾನರು ಹಿಡಿಯೋದು, ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕೋದು ಡ್ರೈವರಣ್ಣನ ಕೆಲಸ ಅಥವಾ ಮೇಷ್ಟ್ರ ಕೆಲಸ. ಮೇಷ್ಟ್ರು ಪಕ್ಕದಲ್ಲಿ ನಿಂತಿರುವಾಗ ಮೀಟರು ಓದೋದು, ಬರೆಯೋದು, ಲೆಕ್ಕ ಹಾಕೋದು, ದಿನ ಬಂದಾಗ ದೊಡ್ಡವರಿಗೆ ನೆನಪಿಸೋದು ಮಕ್ಕಳ ಕೆಲಸ. ನೆನಪಿಸೋದು ಸಣ್ಣ ಕೆಲಸ ಅಲ್ಲ. ಗೊತ್ತಿಲ್ಲದೆ ಹಾಳಾಗುವುದಕ್ಕಿಂತ ಮರೆತು ಹಾಳಾಗುವ ಬ್ಯಾಟರಿಗಳೇ ಹೆಚ್ಚು.

ಹಣದ ಮಾತು ಬಿಡಿ, ಇದರಲ್ಲಿ ನಿಮ್ಮ ಆರೋಗ್ಯವೂ ಇದೆ. ವಾಹನದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸತ್ತ ಬ್ಯಾಟರಿ ಸರಿಯಾದ ಕಡೆ ಹೋಗದೆ ಯಾವುದೋ ಹಿತ್ತಲಲ್ಲಿ ಒಡೆದು ಕರಗಿಸುವವರ ಕೈಗೆ ಸಿಕ್ಕರೆ ಆ ಸೀಸ ಮಣ್ಣಿಗೆ, ಗಾಳಿಗೆ ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳುತ್ತದೆ, ಮೆದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಪಡುವಷ್ಟು ಸೀಸ ಇದೆ ಅಂತ 2020ರಲ್ಲಿ ಯುನಿಸೆಫ್ ವರದಿ ಹೇಳಿತು. ಬ್ಯಾಟರಿಗಳನ್ನು ಅಡ್ಡಾದಿಡ್ಡಿಯಾಗಿ ಕರಗಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಅಂತಲೂ ಹೇಳಿತು. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಹಳೆಯದನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಬೇಕು. ಆದರೆ ಅದಕ್ಕಿಂತ ಮೊದಲ ಹೆಜ್ಜೆ, ನಾಲ್ಕೈದು ವರ್ಷ ಬಾಳಬೇಕಾದ ಬ್ಯಾಟರಿಯನ್ನು ಎರಡೇ ವರ್ಷಕ್ಕೆ ಸಾಯಲು ಬಿಡದಿರೋದು.

ಎತ್ತಿಗೆ ಕೆಲಸ ಇಲ್ಲದ ದಿನವೂ ರೈತ ಹುಲ್ಲು ಹಾಕುತ್ತಾನೆ. ಇವತ್ತು ಉಳಲಿಲ್ಲ, ಅದಕ್ಕೇ ಉಪವಾಸ ಇರಲಿ ಅನ್ನೋದಿಲ್ಲ. ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೂ ಅಷ್ಟೇ ಮರ್ಯಾದೆ ಸಾಕು. ಈ ಸಲ ರಜೆಗೆ ಹೊರಡುವ ಮುಂಚೆ ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ ಒಂದು ಪ್ರಶ್ನೆ ಕೇಳಿ: "ಗಾಡಿ ನಿಲ್ಲಿಸ್ತಾ ಇದೀರಲ್ಲ, ಮೈನಸ್ ವೈರು ಬಿಚ್ಚಿದ್ರಾ?"