ಕಸಿದುಕೊಂಡದ್ದೇ ಅನುಕೂಲವಾಯಿತೆ?

1918ರ ಮಾರ್ಚ್ 20ರಂದು ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಘೋಷಣೆ ಹೊರಡಿಸಿ, ತಮ್ಮ ದೇಶದ ಬಂದರುಗಳಲ್ಲಿ ನಿಂತಿದ್ದ 87 ಡಚ್ ವ್ಯಾಪಾರಿ ಹಡಗುಗಳನ್ನು ವಶಕ್ಕೆ ತೆಗೆದುಕೊಂಡರು. ಬ್ರಿಟನ್ ಕೂಡ ತನ್ನ ಬಂದರುಗಳಲ್ಲಿದ್ದವನ್ನು ಬಿಡಲಿಲ್ಲ. ನೆದರ್ಲೆಂಡ್ಸ್ ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಹಾಗಾಗಿ ಇದನ್ನು ಬಲಿಷ್ಠರ ಹಗಲುದರೋಡೆ ಎನ್ನುವವರಿದ್ದಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳೆದುಕೊಂಡವರಿಗೇ ಅದರಿಂದ ಒಂದು ಅನುಕೂಲವಾಯಿತೇನೋ ಎಂಬ ಸಂದೇಹ ನನ್ನದು.

ಡಚ್ಚರ ಕಷ್ಟ ಶುರುವಾದದ್ದು ಊಟದಿಂದ. ರೊಟ್ಟಿಗೆ ಬೇಕಾದ ಗೋಧಿ, ಹಸುಗಳ ಮೇವು ಕಡಲಾಚೆಯಿಂದ ಬರಬೇಕು. ಒಲೆಗೆ ಬೇಕಾದ ಕಲ್ಲಿದ್ದಲು ಬಹುಪಾಲು ಜರ್ಮನಿಯದು. ಕಲ್ಲಿದ್ದಲು ಬೇಕೆಂದರೆ ಜರ್ಮನಿಗೆ ಬೆಣ್ಣೆ, ಗಿಣ್ಣು, ಮಾಂಸ ಮಾರಬೇಕು. ಹಾಗೆ ಮಾರಿದರೆ ಬ್ರಿಟನ್ ಸಿಟ್ಟಾಗಿ ಸಮುದ್ರದ ದಾರಿ ಬಿಗಿಮಾಡುತ್ತದೆ. 1917ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೆಂಗಸರು ರಫ್ತಿಗೆಂದು ತುಂಬಿಟ್ಟಿದ್ದ ಆಲೂಗೆಡ್ಡೆಗೆ ಮುಗಿಬಿದ್ದರು. ಸೈನಿಕರು ಗುಂಡು ಹಾರಿಸಿ ಜನ ಸತ್ತರು. ಅದೇ ತಿಂಗಳು ಅಮೆರಿಕ ರಫ್ತಿಗೆ ಕಡಿವಾಣ ಹಾಕಿದ್ದರಿಂದ ಡಚ್ ಹಡಗುಗಳು ಅಲ್ಲಿಯೇ ಸಿಕ್ಕಿಕೊಂಡವು.

ಮಿತ್ರರಾಷ್ಟ್ರಗಳ ಷರತ್ತು ಸರಳವಾಗಿತ್ತು: ನಿಮಗೆ ಧಾನ್ಯ, ನಮಗೆ ಹಡಗು. ಒಪ್ಪಿದರೆ ಆ ಹಡಗುಗಳು ಜಲಾಂತರ್ಗಾಮಿಗಳಿರುವ ಅಪಾಯದ ವಲಯಕ್ಕೆ ಹೋಗುತ್ತವೆ, ಜರ್ಮನಿ ಅದನ್ನು ಶತ್ರುವಿಗೆ ಮಾಡಿದ ಸಹಾಯವೆನ್ನುತ್ತದೆ. ಒಪ್ಪದಿದ್ದರೆ ರೊಟ್ಟಿಯಿಲ್ಲ. ಅತ್ತ ದರಿ, ಇತ್ತ ಪುಲಿ. ವಿದೇಶಾಂಗ ಸಚಿವ ಜಾನ್ ಲೌಡನ್ ಕೊನೆಗೆ ಒಪ್ಪಿದ್ದು ಅರೆಮನಸ್ಸಿನಿಂದ: ಹಡಗುಗಳಲ್ಲಿ ಸೈನಿಕರನ್ನಾಗಲಿ ಯುದ್ಧಸಾಮಗ್ರಿಯನ್ನಾಗಲಿ ಸಾಗಿಸಕೂಡದು, ಮುಳುಗಿದ ಹಡಗಿಗೆ ಬದಲಿ ಕೊಡಬೇಕು. ಆ ಕಡೆಯವರು ಇದನ್ನು ಒಪ್ಪದೆ ಹಡಗುಗಳ ಮೇಲೆ ಕೈಯಿಟ್ಟರು.

ಅವರು ಮುಂದಿಟ್ಟ ಕಾನೂನು ಹಳೆಯದು. ಯುದ್ಧದಲ್ಲಿರುವ ರಾಜ್ಯ ತನ್ನ ಬಂದರಿನಲ್ಲಿರುವ ತಟಸ್ಥರ ಹಡಗನ್ನು ಪರಿಹಾರ ಕೊಟ್ಟು ಬಳಸಿಕೊಳ್ಳಬಹುದೆಂಬ ನಿಯಮ ಅದು. ಇದು ಬಳಕೆ ತಪ್ಪಿದ ನಿಯಮ, ಒಂದು ದೇಶದ ಹಡಗುಗಳನ್ನು ಸಗಟಾಗಿ ಎತ್ತಿಕೊಳ್ಳಲು ಮಾಡಿದ್ದಲ್ಲ ಎಂದು ಡಚ್ಚರು ಪ್ರತಿಭಟಿಸಿದರು. ವಾದ ಸರಿಯಾಗಿಯೇ ಇತ್ತು. (ಸಮುದ್ರ ಎಲ್ಲರದೂ ಎಂದು 1609ರಲ್ಲಿ ವಾದಿಸಿದ ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್ ಡಚ್ಚರವನೇ. ಆ ವಾದ ಹುಟ್ಟಿದ್ದು ಡಚ್ಚರು ಸಿಂಗಪುರದ ಬಳಿ ಪೋರ್ಚುಗೀಸರ ‘ಸಾಂತಾ ಕ್ಯಾಟರೀನಾ’ ಹಡಗನ್ನು ಹಿಡಿದದ್ದನ್ನು ಸಮರ್ಥಿಸಲಿಕ್ಕೆ ಎಂಬುದನ್ನು ಆ ಪ್ರತಿಭಟನೆ ನೆನಪಿಸಿಕೊಳ್ಳುವ ಅಗತ್ಯವಿರಲಿಲ್ಲ, ಬಿಡಿ.)

ಅಂಥದೇ ಇಕ್ಕಟ್ಟಿನಲ್ಲಿದ್ದ ಇನ್ನೊಂದು ತಟಸ್ಥ ದೇಶ ನಾರ್ವೆಯನ್ನು ತೋರಿಸಿ ಡಚ್ಚರ ಅಳುಕನ್ನು ಆಡಿಕೊಳ್ಳಬಹುದು. ಅಲ್ಲಿನ ಧ್ರುವಯಾತ್ರಿ ನಾನ್ಸೆನ್ ವಾಷಿಂಗ್ಟನ್ನಿನಲ್ಲಿ ತಿಂಗಳುಗಟ್ಟಲೆ ಚೌಕಾಸಿ ಮಾಡಿ, ತಮ್ಮ ಸರ್ಕಾರ ಹಿಂದೆಮುಂದೆ ನೋಡುತ್ತಿದ್ದಾಗ 1918ರ ಏಪ್ರಿಲ್ 30ರಂದು ತಮ್ಮದೇ ಹೊಣೆಯ ಮೇಲೆ ಒಪ್ಪಂದಕ್ಕೆ ಸಹಿ ಹಾಕಿದರು. ದಿಟ್ಟ ಕೆಲಸ. ಆದರೆ ನಾರ್ವೆಗೂ ಜರ್ಮನಿಗೂ ನಡುವೆ ಸಮುದ್ರವಿತ್ತು. ನೆದರ್ಲೆಂಡ್ಸ್‌ನ ಪೂರ್ವದ ಗಡಿಯಲ್ಲಿ ಜರ್ಮನಿ, ದಕ್ಷಿಣಕ್ಕೆ ಜರ್ಮನ್ ಸೈನ್ಯ ಆಕ್ರಮಿಸಿದ್ದ ಬೆಲ್ಜಿಯಂ. ಲೌಡನ್ ನಾನ್ಸೆನ್ನರಂತೆ ಸಹಿ ಹಾಕಿದ್ದರೆ ಬರ್ಲಿನ್ನಿಗೆ ಅವರು ಕೊಡಬಹುದಾಗಿದ್ದ ಉತ್ತರವೇನು?

ವಶಪಡಿಸಿಕೊಂಡದ್ದು ಆ ಉತ್ತರವನ್ನು ಒದಗಿಸಿತು. ನಾವು ಕೊಡಲಿಲ್ಲ, ಅವರು ಕಿತ್ತುಕೊಂಡರು. ಹಾಗಾದರೆ ಏಪ್ರಿಲ್‌ನಲ್ಲಿ ಜರ್ಮನಿ ಡಚ್ ನೆಲದ ಮೂಲಕ ಮರಳು, ಜಲ್ಲಿ ಸಾಗಿಸಲು ದಾರಿ ಕೊಡಿ ಎಂದು ಒತ್ತಾಯಿಸಿ ಯುದ್ಧದ ಭಯ ಹುಟ್ಟಿಸಿತಲ್ಲ ಎಂದು ಕೇಳಬಹುದು. ನನ್ನ ವಾದದ ದುರ್ಬಲ ಭಾಗ ಇದೇ. ಆದರೆ ಆ ಬಿಕ್ಕಟ್ಟು ಮಿಲಿಟರಿ ಬಳಕೆಗೆ ಸಾಗಿಸಬಾರದೆಂಬ ಷರತ್ತಿನೊಡನೆ ಮಾತಿನಲ್ಲೇ ಮುಗಿಯಿತು. ಡಚ್ ಸರ್ಕಾರ ತಾನಾಗಿ ಹಡಗು ಒಪ್ಪಿಸಿ ಆ ಮಾತುಕತೆಗೆ ಕೂತಿದ್ದರೆ ಜರ್ಮನ್ ಸೇನಾನಿ ಲುಡೆಂಡಾರ್ಫ್‌ನಂಥವರು ಅಷ್ಟಕ್ಕೆ ಸುಮ್ಮನಾಗುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಹಡಗಿನ ಮಾಲೀಕರಿಗೆ ಪರಿಹಾರ ಸಿಕ್ಕಿತು. ‘ರೈನ್‌ಡ್ಯಾಮ್’ ಎಂಬ ಡಚ್ ಹಡಗು ಆ ವರ್ಷವೇ ಅಮೆರಿಕದ ಸೈನಿಕರನ್ನು ಫ್ರಾನ್ಸಿಗೆ ಸಾಗಿಸಿತು. ಲೌಡನ್ ಆಗಬಾರದೆಂದಿದ್ದ ಕೆಲಸವೇ ಅದು. ಆದರೆ ಆ ಯಾನದ ಹೊಣೆ ಹೇಗ್ ನಗರದ ಯಾವ ಸಚಿವರ ಸಹಿಯ ಮೇಲೂ ಇರಲಿಲ್ಲ.